ಹೊಳೆಗಳ್ಳರ ತಿರುವಿನಲ್ಲಿ ಒಂದು ಊಟ

ನಮ್ಮ ದೊಡ್ಡಣ್ಣ ಜೀವಮಾನದಲ್ಲಿ ಹಡಗು ನೋಡಿದ್ದು ಒಂದೇ ಸಲ. ಕೋರ್ಟಿನ ಕೆಲಸಕ್ಕೆಂದು ಮಂಗಳೂರಿಗೆ ಹೋದವನು ವಕೀಲರು ಸಿಗದೆ ಬಂದರಿನ ಕಡೆ ನಡೆದು, ದೂರದಲ್ಲಿ ನಿಂತ ಒಂದು ಹಡಗನ್ನು ನೆಲಗಡಲೆ ತಿನ್ನುತ್ತಾ ಅರ್ಧ ಗಂಟೆ ನೋಡಿ ಬಂದಿದ್ದ. ಅಲ್ಲಿಂದ ಮುಂದೆ ನೀರಿಗೆ ಸಂಬಂಧಪಟ್ಟ ಯಾವ ವಿಷಯದಲ್ಲೂ ನಮ್ಮ ಮನೆಯಲ್ಲಿ ಅವನ ಮಾತೇ ಕೊನೆಯ ಮಾತು. ಬಾವಿಗೆ ಕೊಡಪಾನ ಬಿದ್ದರೂ ಅದನ್ನು ಯಾವ ಕಡೆಯಿಂದ ಎತ್ತಬೇಕೆಂದು ಅವನೇ ಹೇಳುತ್ತಿದ್ದ. ಕೊಡಪಾನವನ್ನು ಎತ್ತುವವರು ಮಾತ್ರ ಬೇರೆ ಯಾರಾದರೂ ಆಗಿರುತ್ತಿದ್ದರು.

ಅಂಥ ಅಣ್ಣನ ಕೈಗೆ ಅಕ್ಕನ ಮನೆ ಸಿಕ್ಕಿತು. ಮನೆ ಎಂದರೆ ಕಟ್ಟಿದ ಮನೆಯಲ್ಲ, ಕಟ್ಟಬೇಕಾಗಿದ್ದ ಮನೆಯ ಮರ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಅಕ್ಕನನ್ನು ಕೊಟ್ಟದ್ದು ಕಡಬದ ಕಡೆ, ಕುಮಾರಧಾರೆಯ ದಂಡೆಯ ಒಂದು ಮನೆಗೆ. ಭಾವ ಬೇರೆ ಮನೆ ಕಟ್ಟಬೇಕೆಂದು ಹಲಸಿನ ಮರ ಕೊಯ್ಯಿಸಿ, ಬಾಗಿಲಿನ ದಾರಂದ, ಸೂರಿನ ಪಕ್ಕಾಸು, ಹಲಗೆ ಎಲ್ಲ ಮಾಡಿಸಿ ಇಟ್ಟಿದ್ದರು. ಬಾಗಿಲು ಕೂರಿಸುವ ಮೊದಲೇ ಜ್ವರ ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ. ವರ್ಷಾಂತರವಾದ ಮೇಲೆ ಅಕ್ಕ ಸುಳ್ಯದ ಕಡೆಯ ನಮ್ಮ ಮನೆಗೆ ಬಂದಳು. ಮೈದುನರು ಭೂಮಿಯ ಮಾತೆತ್ತದಿದ್ದರೆ ಮರ ಒಯ್ಯಬಹುದು ಎಂದರು. ಉಪ್ಪಿನಂಗಡಿಯ ಹತ್ತಿರ ಹೊಳೆಬದಿಯಲ್ಲಿ ಅಮ್ಮನ ಪಾಲಿನ ಒಂದು ತುಂಡು ಜಾಗ ಇತ್ತು. ಅಲ್ಲಿ ಎರಡು ಕೋಣೆ ಕಟ್ಟಿಕೊಂಡು, ಹೊಲಿಗೆ ಯಂತ್ರ ಇಟ್ಟುಕೊಂಡು ಇರುತ್ತೇನೆ ಎಂದು ಅಕ್ಕ ಹಟ ಹಿಡಿದಳು.

ಹಟ ಎಂದು ನಾವು ಹೇಳುತ್ತಿದ್ದದ್ದು. ಅವಳ ಪಾಡು ನೋಡಿದರೆ ಅದು ಹಟವಲ್ಲ. ನಮ್ಮ ಮನೆಯ ಇಬ್ಬರು ಸೊಸೆಯರ ಲೆಕ್ಕಕ್ಕೆ ಅಕ್ಕ ಒಬ್ಬಳು ಹೆಚ್ಚಾಗಿದ್ದಳು. ಅವಳು ಒಲೆಯ ಮುಂದೆ ನಿಂತರೆ ಇವಳಿಗೇಕೆ ಒಲೆ ಎನ್ನುವರು, ಕೂತರೆ ಕೂತು ತಿನ್ನುವವಳು ಎನ್ನುವರು. ಆ ಇಬ್ಬರಲ್ಲಿ ಒಬ್ಬಳು ನನ್ನ ಹೆಂಡತಿ ಎಂಬುದನ್ನು ನಾನು ಮರೆಮಾಚುವುದಿಲ್ಲ. ಎಲ್ಲ ಕೇಳಿಸಿಕೊಂಡೂ ಕೇಳದವನಂತೆ ಶಾಲೆಯ ಪುಸ್ತಕಗಳ ಮೇಲೆ ಬಗ್ಗಿ ಕೂತಿರುವುದರಲ್ಲಿ ಶಾಲಾ ಮಾಸ್ತರನಾದ ನಾನು ಆಗಲೇ ಪಳಗಿದ್ದೆ.

ಮರವನ್ನು ಒಯ್ಯುವುದು ಹೇಗೆ? ಗಾಡಿಗೆ ದಾರಿ ಆಗಬೇಕಾದರೆ ಸುಗ್ಗಿ ಕಳೆಯಬೇಕು. ಅಷ್ಟರಲ್ಲಿ ಮೈದುನರ ಮನಸ್ಸು ಎತ್ತ ತಿರುಗುವುದೋ ಯಾರಿಗೆ ಗೊತ್ತು? ಹೊಳೆ ಒಂದೇ ದಾರಿ. ಬಿದಿರಿನ ತೆಪ್ಪ ಕಟ್ಟಿ, ಅದರ ಮೇಲೆ ಮರ ಹೇರಿ ಬಿಟ್ಟರೆ ಒಂದೇ ದಿನದಲ್ಲಿ ಉಪ್ಪಿನಂಗಡಿ. ಆದರೆ ನಡುವೆ ಹೊಳೆಗಳ್ಳರ ಭಯ ಇತ್ತು. ಹೊಳೆ ಎಡಕ್ಕೆ ತಿರುಗಿ ಗುಂಡಿಯಲ್ಲಿ ನಿಧಾನವಾಗುವ ಒಂದು ಜಾಗದಲ್ಲಿ ತೆಪ್ಪದ ಕಟ್ಟು ಬಿಚ್ಚಿ ಮರ ಸಾಗಿಸುವವರು ಇದ್ದಾರೆಂದು ಊರೆಲ್ಲ ಹೇಳುತ್ತಿತ್ತು. ಆ ಊರಿನ ಹೆಸರು ನಾನು ಹೇಳುವುದಿಲ್ಲ. ಅಲ್ಲಿಯವರು ಈಗಲೂ ನಮಗೆ ನೆಂಟರು.

ಕಳ್ಳರು ಎಂದು ಅವರನ್ನು ಕರೆದರೆ ಅವರು ಒಪ್ಪುವುದೂ ಇಲ್ಲ. ನಮ್ಮ ಹೊಳೆಗಳಿಗೆ ಹಳೆಯ ಕಾನೂನು ಒಂದುಂಟು: ಬೊಳ್ಳದಲ್ಲಿ, ಅಂದರೆ ನೆರೆನೀರಿನಲ್ಲಿ, ಬಂದದ್ದು ಹಿಡಿದವನಿಗೆ. ಆಟಿ ತಿಂಗಳ ನೆರೆಯಲ್ಲಿ ತೇಲಿ ಬಂದ ಮರ, ತೆಂಗಿನಕಾಯಿ, ಕೆಲವು ಸಲ ದನದ ಹಟ್ಟಿಯ ಹುಲ್ಲುಮಾಡು ಕೂಡ ಹಾರಿ ಹಿಡಿದವನ ಸೊತ್ತು. ಅದು ದೇವರು ಕೊಟ್ಟದ್ದು. ನಮ್ಮ ಹಟ್ಟಿಯ ಎರಡು ತೊಲೆ ಹಾಗೆ ಬಂದವೇ. ಅಪ್ಪ ಅವನ್ನು ಹಿಡಿದ ಕತೆಯನ್ನು ನಾವು ಪೌರುಷದ ಕತೆಯೆಂದು ಮಕ್ಕಳಿಗೆ ಹೇಳುತ್ತಿದ್ದೆವು. ಆ ತೊಲೆಯನ್ನು ಕಳೆದುಕೊಂಡವನೂ ಎಲ್ಲೋ ಒಬ್ಬ ಇದ್ದಿರಬೇಕು ಎಂದು ನಮ್ಮಲ್ಲಿ ಯಾರೂ ಯೋಚಿಸಿದವರಲ್ಲ. ತಿರುವಿನವರು ದೇವರಿಗೆ ಸ್ವಲ್ಪ ಕೈ ಜೋಡಿಸುತ್ತಿದ್ದರು, ಅಷ್ಟೇ ವ್ಯತ್ಯಾಸ.

ಅಣ್ಣ ಯೋಜನೆ ಹಾಕಲು ಕೂತ. ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ನಾನು ಕಾರ್ಯದರ್ಶಿ. ಶಾಲೆಯ ಡ್ರಾಯಿಂಗ್ ಹಾಳೆಯಲ್ಲಿ ಹೊಳೆಯ ನಕ್ಷೆ ಬರೆಸಿದ. ಬಂಡೆಗಳಿಗೆ ಕಪ್ಪು ಮಸಿ, ದೋಣಿ ನಿಲ್ಲುವ ಕಡವುಗಳಿಗೆ ನೀಲಿ, ಕಳ್ಳರಿಗೆ ಕೆಂಪು. ತೆಪ್ಪದಲ್ಲಿ ಯಾವಾಗ ಯಾರು ಎಚ್ಚರವಾಗಿರಬೇಕು, ಅಪಾಯ ಕಂಡರೆ ಎಷ್ಟು ಸಲ ಸೀಟಿ ಊದಬೇಕು ಎಂದೆಲ್ಲ ಬರೆಸಿದ. ತೆಪ್ಪ ಯಾವ ಕ್ಷಣದಲ್ಲೂ ಕಾವಲಿಲ್ಲದೆ ಇರಕೂಡದು ಎಂಬುದಕ್ಕೆ ಅಡಿಗೆರೆ ಎಳೆಸಿದ. ಸೀಟಿಯನ್ನು ನಾನು ಶಾಲೆಯ ಆಟದ ಪೆಟ್ಟಿಗೆಯಿಂದ ತಂದೆ. ಹೊರಡುವ ದಿನ ಯಾರಿಗೂ ಗೊತ್ತಾಗಬಾರದು ಎಂಬುದು ಎಲ್ಲಕ್ಕಿಂತ ಮುಖ್ಯ. ಅದನ್ನು ಅಣ್ಣ ಪಿಸುಮಾತಿನಲ್ಲಿ ಹೇಳಿದ. ಅವನ ಪಿಸುಮಾತು ಗದ್ದೆಯ ಆಚೆ ದಡಕ್ಕೆ ಕೇಳುತ್ತಿತ್ತು.

ತೆಪ್ಪ ನಡೆಸಲು ಗೊತ್ತುಮಾಡಿದ್ದು ನಮ್ಮ ಕರಾವಳಿಯ ಮುಸಲ್ಮಾನರಾದ ಒಬ್ಬ ಬ್ಯಾರಿ ಕಾಕನನ್ನು. ಅರುವತ್ತರ ಹತ್ತಿರದ ಪ್ರಾಯ, ಹೊಳೆಯಲ್ಲೇ ಬೆಳೆದ ಮನುಷ್ಯ. ನಕ್ಷೆಯನ್ನು ಅವರ ಮುಂದೆ ಹರಡಿದಾಗ ತಲೆಕೆಳಗಾಗಿ ನೋಡಿದರು, ಸರಿ ಮಾಡಿ ಕೊಟ್ಟ ಮೇಲೂ ಅಷ್ಟೇ ನೋಡಿದರು.

"ಇದೆಲ್ಲ ಎಂತಕ್ಕೆ ಗೌಡ್ರೆ? ಬೆಳಿಗ್ಗೆ ಬೇಗ ಬಿಡುದು. ಬುತ್ತಿ ಕಟ್ಟಿಕೊಳ್ಳುದು. ಎಲ್ಲಿಯೂ ನಿಲ್ಲುದು ಬೇಡ. ತಿರುವಿನಲ್ಲಿಯಂತೂ ಬೇಡವೇ ಬೇಡ. ಓಡುವ ತೆಪ್ಪದ ಕಟ್ಟು ಬಿಚ್ಚಲಿಕ್ಕೆ ಯಾರಿಂದಲೂ ಆಗುದಿಲ್ಲ."

ಅಣ್ಣ ನಕ್ಕ. "ಬುತ್ತಿಯಾ? ಕಾಕ, ನೀವು ಎಂತ ಹೇಳುದು ಮಾರಾಯ್ರೆ? ದಂಡೆಯ ಉದ್ದಕ್ಕೂ ನಮ್ಮ ನೆಂಟರ ಮನೆ ಉಂಟು. ಅವರ ಬಾಗಿಲ ಎದುರಿನಿಂದಲೇ ಹೋಗಿ, ತೆಪ್ಪದಲ್ಲಿ ಕೂತು ಬುತ್ತಿ ಬಿಚ್ಚಿದ್ರೆ ನಾಳೆ ಮುಖ ತೋರಿಸ್ಲಿಕ್ಕೆ ಉಂಟಾ?"

ಇದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ನಮ್ಮಲ್ಲಿ ಕೊಲೆಗೆ ರಾಜಿ ಆದದ್ದುಂಟು. ಮನೆಯ ಮುಂದೆ ಹಾದುಹೋಗಿಯೂ ಒಳಗೆ ಬಾರದವನ ಮೇಲಿನ ಸಿಟ್ಟು ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಆರುವುದಿಲ್ಲ. ಸಾಲದ್ದಕ್ಕೆ, ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ ನಿಲ್ಲುವುದೂ ಸಭ್ಯತೆಯಲ್ಲ. ಮುಂಚೆ ತಿಳಿಸಬೇಕು. ಆದ್ದರಿಂದ ಪರಮ ಗುಟ್ಟಿನ ನಮ್ಮ ಪ್ರಯಾಣದ ದಿನ ಮತ್ತು ಹೊತ್ತನ್ನು ನಾನು ನನ್ನ ಚಂದದ ಅಕ್ಷರದಲ್ಲಿ ನಾಲ್ಕು ಪತ್ರಗಳಲ್ಲಿ ಬರೆದು ನಾಲ್ಕು ಮನೆಗಳಿಗೆ ಕಳಿಸಿದೆ. ಬೆಳಗಿನ ತಿಂಡಿ ಇಂಥಲ್ಲಿ, ಬೆಲ್ಲ ನೀರು ಇಂಥಲ್ಲಿ, ಮಧ್ಯಾಹ್ನದ ಊಟ ತಿರುವಿನ ಮನೆಯಲ್ಲಿ, ಅಮ್ಮನ ಕಡೆಯ ಮಾವನಲ್ಲಿ, ಸಂಜೆಯ ಕಾಫಿ ಮತ್ತೊಂದು ಕಡೆ. ತಿರುವಿನಲ್ಲೇ ಊಟ ಯಾಕೆಂದರೆ, ಅಪಾಯದ ಜಾಗದಲ್ಲಿ ಸ್ವಂತ ಮಾವನ ಕಡವಿಗಿಂತ ಭದ್ರವಾದ ಸ್ಥಳ ಬೇರೆ ಯಾವುದು ಎಂದು ಅಣ್ಣ ಕೇಳಿದ. ನಾನೂ ತಲೆಯಾಡಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಕ ಒಂದೇ ಮಾತು ಹೇಳಿದಳು.

"ಕಾಕ ಹೇಳಿದ ಹಾಗೆ ಮಾಡಿ ಅಣ್ಣ. ನಾನು ಬುತ್ತಿ ಕಟ್ಟಿ ಕೊಡ್ತೇನೆ."

"ಹೆಂಗಸರಿಗೆ ಹೊಳೆಯ ವಿಷಯ ಗೊತ್ತಾಗುದಿಲ್ಲ," ಎಂದ ಅಣ್ಣ. ಅಕ್ಕ ಹತ್ತು ವರ್ಷ ಹೊಳೆಯ ದಂಡೆಯಲ್ಲಿ ಬಾಳಿದವಳು.

ಸೋಣ ತಿಂಗಳು ಕಳೆದು ಮಳೆ ಹದಕ್ಕೆ ಬಂದ ಮೇಲೆ, ಭಾವನ ಊರಿನಲ್ಲಿ ಮರ ಹೇರಿಕೊಂಡು ಹೊರಟೆವು. ಅಕ್ಕ ಎರಡು ದಿನ ಮೊದಲೇ ಉಪ್ಪಿನಂಗಡಿಗೆ ಹೋಗಿದ್ದಳು. ತೆಪ್ಪದಲ್ಲಿ ಅಣ್ಣ, ನಾನು, ಕಾಕ. ಕಾಕ ಬಿದಿರಿನ ಗಳು ಊರಿ ತೆಪ್ಪ ನಡೆಸಿದರು, ಅಣ್ಣ ಮುಂದೆ ನಿಂತು ನೀರಿಗೆ ಅಪ್ಪಣೆ ಕೊಡುತ್ತಿದ್ದ. ಮೊದಲ ಮನೆಯಲ್ಲಿ ಕಡುಬು ತಿಂದೆವು. ಎರಡನೆಯ ಮನೆಯಲ್ಲಿ ಬೆಲ್ಲ ನೀರಿನ ಜೊತೆ ಅವಲಕ್ಕಿಯೂ ಬಂತು. ಕಾಕ ದಂಡೆಯಿಂದಲೇ ಸೂರ್ಯನನ್ನು ನೋಡಿ ನೋಡಿ ನಿಟ್ಟುಸಿರು ಬಿಟ್ಟರು. ತಿರುವು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ನೀರು ನಿಂತ ಹಾಗಿತ್ತು, ಮೀನು ಹಾರುವುದು ಕಾಣುತ್ತಿತ್ತು.

ಮಾವ ಕಡವಿಗೇ ಬಂದು ಕಾದಿದ್ದರು. ಎಷ್ಟೋ ವರ್ಷಗಳ ಮೇಲೆ ಬಂದ ಅಳಿಯಂದಿರು ಎಂದು ಬಾಯಿ ತುಂಬ ನಗು. ತೆಪ್ಪವನ್ನು ತಮ್ಮ ಕೈಯಿಂದಲೇ ಮರಕ್ಕೆ ಕಟ್ಟಿದರು. ಗಂಟು ಬಹಳ ಚೆನ್ನಾಗಿ ಹಾಕಿದರು ಎಂದು ಅಣ್ಣ ಮೆಚ್ಚಿಕೊಂಡ. ಯೋಜನೆಯ ಪ್ರಕಾರ ಕಾಕ ತೆಪ್ಪದಲ್ಲೇ ಕಾವಲು ಕೂತರು.

"ಕಾಕ ಮೇಲೆ ಬಾರದೆ ಆಗುದಿಲ್ಲ," ಎಂದರು ಮಾವ. "ಹುಂಜ ಕಟ್ಟಿ ಹಾಕಿ ಇಟ್ಟಿದ್ದೇನೆ. ಅದನ್ನು ನಾವು ಕೊಯ್ದ್ರೆ ಕಾಕ ತಿನ್ಲಿಕ್ಕಿಲ್ಲ. ನನ್ನ ಮನೆಗೆ ಬಂದ ಜನ ಬರೀ ಸಾರು ಅನ್ನ ಉಂಡು ಹೋಗುದಾ? ಕಾಕನೇ ಕೊಯ್ಯಲಿ, ಎಲ್ಲರೂ ಒಟ್ಟಿಗೆ ಉಣ್ಣುವ."

ಇಷ್ಟು ಒಳ್ಳೆಯ ಮಾತಿಗೆ ಎದುರಾಡುವುದು ಹೇಗೆ? ನಮ್ಮ ಕಡೆ ಬ್ಯಾರಿ ಸ್ನೇಹಿತರು ಊಟಕ್ಕಿದ್ದರೆ ಕೋಳಿಯನ್ನು ಅವರ ಕೈಯಲ್ಲೇ ಕೊಯ್ಯಿಸುವುದು ಮರ್ಯಾದೆಯ ಕ್ರಮ. ಕಾಕ ಅಣ್ಣನ ಮುಖ ನೋಡಿದರು. ಅಣ್ಣ ಹೋಗಿ ಎಂದು ಕೈಸನ್ನೆ ಮಾಡಿದ. ಕಾಕ ಒಲ್ಲದ ಕಾಲುಗಳಿಂದ ಮೇಲೆ ಹೋದರು. ಅವರ ಜಾಗದಲ್ಲಿ ನಾನು ಕೂತೆ, ಕೊರಳಲ್ಲಿ ಶಾಲೆಯ ಸೀಟಿ ಹಾಕಿಕೊಂಡು.

ಒಂದು ಗಂಟೆಗಿಂತ ಹೆಚ್ಚು ಕೂತಿದ್ದೆ. ಮೇಲಿನಿಂದ ಮೊದಲು ಹುಂಜದ ಕೂಗು, ಸ್ವಲ್ಪ ಹೊತ್ತಿನ ಮೇಲೆ ಕೊತ್ತಂಬರಿ ಹುರಿಯುವ ಪರಿಮಳ, ಆಮೇಲೆ ತೆಂಗಿನ ಹಾಲು ಕುದಿಯುವ ಪರಿಮಳ ಬಂತು. ಎರಡು ಮನೆಯ ತಿಂಡಿ ಹೊಟ್ಟೆಯಲ್ಲಿ ಇದ್ದೂ ನನ್ನ ಬಾಯಲ್ಲಿ ನೀರೂರಿತು. ಮತ್ತೆ ಮಾವ ಇಳಿದು ಬಂದರು.

"ಏಳು ಮಾರಾಯ, ಎಲೆ ಹಾಕಿ ಆಯ್ತು. ನೀನು ಬಾರದೆ ನಿನ್ನ ಅಣ್ಣ ಎಲೆಗೆ ಕೈ ಹಾಕುದಿಲ್ಲ ಅಂತ ಕೂತಿದ್ದಾನೆ."

"ತೆಪ್ಪಕ್ಕೆ ಒಬ್ಬ ಬೇಕಲ್ಲ ಮಾವ."

ಮಾವನ ಮುಖ ಸಣ್ಣದಾಯಿತು. "ನನ್ನ ಕಡವಿನಲ್ಲಿ ಕಾವಲಾ? ಅಂದ್ರೆ ಇಲ್ಲಿ ಕಳ್ಳರುಂಟು ಅಂತ ನಿನ್ನ ಲೆಕ್ಕವಾ?"

ಹೌದು ಎನ್ನಬೇಕಿತ್ತು. ನಕ್ಷೆಯಲ್ಲಿ ಆ ಜಾಗಕ್ಕೆ ಕೆಂಪು ಮಸಿ ಹಾಕಿದವನೇ ನಾನು. ಆದರೆ ನೆಂಟನ ಮುಖದೆದುರು ಹೌದು ಎನ್ನುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. "ಛೆ ಛೆ, ಹಾಗಲ್ಲ ಮಾವ," ಎಂದು ಎದ್ದೆ. ಅಕ್ಕನ ಮನೆಯನ್ನು ಒಂದು ಹಗ್ಗದ ಗಂಟಿನ ಭರವಸೆಗೆ ಬಿಟ್ಟು ಕೋಳಿ ರೊಟ್ಟಿ ತಿನ್ನಲು ಹೋದೆ.

ಊಟ ಬಹಳ ಚೆನ್ನಾಗಿತ್ತು. ಅದನ್ನು ಇಲ್ಲವೆಂದರೆ ನಾಲಿಗೆ ಸುಟ್ಟೀತು. ಅಣ್ಣನೂ ನಾನೂ ಒಳಗೆ, ಕಾಕನಿಗೆ ಜಗಲಿಯ ತುದಿಯಲ್ಲಿ ಬೇರೆ ಎಲೆ. ಎಲ್ಲರೂ ಒಟ್ಟಿಗೆ ಉಣ್ಣುವ ಎಂದರೆ ಆ ಕಾಲದಲ್ಲಿ ಅಷ್ಟೇ ಅರ್ಥ. ಮನೆಯ ಆಳುಗಳು ಒಬ್ಬರೂ ಕಾಣಲಿಲ್ಲ. ಎಲ್ಲ ಮೇಲಿನ ಗದ್ದೆಗೆ ಹೋಗಿದ್ದಾರೆ ಎಂದರು ಅತ್ತೆ, ಮತ್ತೊಂದು ಸೌಟು ಬಡಿಸುತ್ತಾ. ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಸುರಿದರು. ಪಾಯಸ ಆಯಿತು, ವೀಳ್ಯ ಆಯಿತು. ಹಡಗುಗಳು ಬಂದರಿಗೆ ಹೇಗೆ ಬರುತ್ತವೆ ಎಂದು ಅಣ್ಣ ಮಾವನಿಗೆ ವಿವರಿಸಿದ. ಮಾವ ಅಷ್ಟು ಆಸಕ್ತಿಯಿಂದ ಕೇಳುವುದನ್ನು ನಾನು ಹಿಂದೆ ಎಂದೂ ಕಂಡಿರಲಿಲ್ಲ.

ಕಡವಿಗೆ ಇಳಿದರೆ ತೆಪ್ಪ ಇತ್ತು. ಮಾವ ಹಾಕಿದ ಗಂಟೂ ಹಾಗೆಯೇ ಇತ್ತು. ಮರ ಮಾತ್ರ ಇರಲಿಲ್ಲ. ದಾರಂದವಿಲ್ಲ, ಪಕ್ಕಾಸಿಲ್ಲ, ಹಲಗೆಯಿಲ್ಲ. ಕಟ್ಟಿದ್ದ ಬೆತ್ತವನ್ನು ಹರಿತದ ಕತ್ತಿಯಿಂದ ಕಡಿದು ತುಂಡುಗಳನ್ನು ಅಲ್ಲೇ ಬಿಟ್ಟಿದ್ದರು.

ಮಾವ ಎದೆ ಬಡಿದುಕೊಂಡರು. "ಅಯ್ಯೋ, ಬೊಳ್ಳ ಕೊಂಡುಹೋಯಿತಲ್ಲ ಅಳಿಯ!"

ನಾವು ಹೊಳೆಯನ್ನು ನೋಡಿದೆವು. ಒಂದು ಒಣಗಿದ ಎಲೆ ಬಿದ್ದಲ್ಲಿಂದ ಕದಲದೆ ತೇಲುತ್ತಿತ್ತು. ಕಾಕ ಏನೋ ಹೇಳಲು ಬಾಯಿ ತೆರೆದರು. ಅಣ್ಣ ಅವರ ತೋಳು ಹಿಡಿದ. ಈಗಷ್ಟೇ ಅನ್ನ ಉಂಡ ಮನೆಯ ಯಜಮಾನನನ್ನು ಕಳ್ಳ ಎನ್ನುವುದು ಹೇಗೆ? ನಾವು ಮಾವನನ್ನು ಸಮಾಧಾನ ಮಾಡಿದೆವು! ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದೇನು ತಪ್ಪು, ನಮ್ಮ ಹಣೆಬರಹ ಎಂದು ನಾನೇ ಅವರ ಕೈ ಹಿಡಿದು ಹೇಳಿದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಕೈಯನ್ನು ನಾನೇ ಕಡಿಯಬೇಕೆನಿಸುತ್ತದೆ.

ಭಾರವಿಲ್ಲದ ತೆಪ್ಪ ಬಹಳ ಚೆನ್ನಾಗಿ ಓಡಿತು. ಸಂಜೆಯ ಕಾಫಿಗೆ ನಿಲ್ಲುವುದೋ ಬೇಡವೋ ಎಂದು ಅಣ್ಣ ಒಂದು ಕ್ಷಣ ಯೋಚಿಸಿದ್ದನ್ನೂ ಬರೆಯುತ್ತೇನೆ. ಕಾಕ ಅವನ ಮುಖವನ್ನೂ ನೋಡದೆ ಗಳು ಊರಿದರು. ಕತ್ತಲಾಗುವ ಮೊದಲು ಅಕ್ಕನ ಜಾಗ ಕಂಡಿತು. ಅವಳು ಹುಲ್ಲು ಹೆರೆಸಿ, ಎರಡು ಕೋಣೆ ಬರುವ ಕಡೆ ಮೂಲೆ ಮೂಲೆಗೆ ಕಲ್ಲು ಇಟ್ಟಿದ್ದಳು. ಮೂರು ಕಲ್ಲಿನ ಒಲೆಯಲ್ಲಿ ನಮಗೆ ಗಂಜಿ ಬೇಯಿಸಿದ್ದಳು. ತೆಪ್ಪ ಹತ್ತಿರ ಬಂದ ಹಾಗೆ ಅವಳು ನೀರಿನ ಅಂಚಿಗೆ ಬಂದು ನಿಂತಳು. ಬರಿದಾದ ಬಿದಿರನ್ನು ನೋಡಿದಳು, ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು.

"ಊಟ ಎಲ್ಲಿ ಆಯ್ತು?" ಎಂದು ಕೇಳಿದಳು.

"ತಿರುವಿನ ಮನೆಯಲ್ಲಿ," ಎಂದೆ.

"ಕೋಳಿಯಾ?"

ನಾನು ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡೆ. ಕಾಕ ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದರು. "ತಂಗೀ, ಅದನ್ನು ಕೊಯ್ದದ್ದು ನಾನು. ನನ್ನದೂ ತಪ್ಪುಂಟು," ಎಂದರು. ಇಡೀ ದಿನದಲ್ಲಿ ತಪ್ಪು ಒಪ್ಪಿಕೊಂಡ ಮನುಷ್ಯ ಅವರೊಬ್ಬರೇ. ಅಕ್ಕ ಗಂಜಿಯನ್ನು ಮೊದಲು ಅವರಿಗೆ ಬಡಿಸಿದಳು. ನಮಗೆ ಹಸಿವಿಲ್ಲ ಎಂದೆವು. ನಿಜವಾಗಿಯೂ ಹಸಿವಿರಲಿಲ್ಲ.

ನಾವು ಮನೆಗೆ ಮರಳಿ ವಿಚಾರಣೆಯ ಸಭೆ ಸೇರಿಸಿದೆವು. ಯೋಜನೆ ಸರಿಯಾಗಿತ್ತು, ಹೊಳೆಯೇ ಸರಿ ಇರಲಿಲ್ಲ ಎಂದು ತೀರ್ಮಾನವಾಯಿತು. ಅಕ್ಕ ನಮ್ಮ ಜೊತೆ ಬಂದಿರಲಿಲ್ಲ. ಮರುದಿನ ಬೆಳಿಗ್ಗೆಯೇ ತನ್ನ ಟ್ರಂಕು ಹಿಡಿದು, ಕಾಕನ ದೋಣಿಯಲ್ಲಿ ಸ್ವಲ್ಪ, ದಂಡೆಯಲ್ಲಿ ಸ್ವಲ್ಪ ನಡೆದು ತಿರುವಿನ ಮನೆಗೆ ಹೋಗಿ ಜಗಲಿ ಹತ್ತಿದಳು. ಈ ಮುಂದಿನದೆಲ್ಲ ಕಾಕ ನನಗೆ ಹೇಳಿದ್ದು.

"ಮಾವ, ನನ್ನ ಮನೆ ಇಲ್ಲೇ ಎಲ್ಲಿಯೋ ಉಂಟಲ್ಲ. ಸಿಕ್ಕುವವರೆಗೆ ನಾನೂ ಇಲ್ಲೇ ಇರ್ತೇನೆ," ಎಂದಳಂತೆ.

ನೆಂಟಳನ್ನು ಹೊರಡು ಎನ್ನುವ ಬಾಯಿ ಮಾವನಿಗೂ ಇರಲಿಲ್ಲ. ನಮ್ಮ ಬಾಯಿ ಕಟ್ಟಿದ ಮರ್ಯಾದೆಯೇ ಅವರ ಬಾಯನ್ನೂ ಕಟ್ಟಿತು. ಅಕ್ಕ ಜಗಳ ಮಾಡಲಿಲ್ಲ, ಅಳಲಿಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಕಡವಿನ ಮೆಟ್ಟಿಲಲ್ಲಿ ಕೂತು, ದೋಣಿಗೆ ಕಾಯುವ ಪ್ರತಿಯೊಬ್ಬರ ಹತ್ತಿರ ಮಾವನನ್ನು ಹೊಗಳಿದಳು. "ಮಾವನ ಕಡವಿನಲ್ಲಿ ಕಟ್ಟಿದ ತೆಪ್ಪದಿಂದ ಮರ ಹೋಯಿತು, ಪಾಪ, ಮಾವನಿಗೆ ನಿದ್ದೆ ಇಲ್ಲ. ಹುಡುಕಿಸಿ ಕೊಡ್ತೇನೆ ಅಂತ ನನ್ನನ್ನು ಇಲ್ಲಿ ಉಳಿಸಿಕೊಂಡಿದ್ದಾರೆ. ಇಂಥ ಜನ ಎಲ್ಲಿ ಸಿಗ್ತಾರೆ?" ಕೇಳಿದವರು ಮಾವನ ಮುಖ ನೋಡಿ, ಹೌದು ಹೌದು, ಎಲ್ಲಿಯೂ ಸಿಗುದಿಲ್ಲ ಎನ್ನುತ್ತಿದ್ದರು. ಒಂದು ವಾರದಲ್ಲಿ ಕಡಬದಿಂದ ಪುತ್ತೂರಿನವರೆಗೆ ಮಾವನ ಒಳ್ಳೆಯತನ ಹಬ್ಬಿತು.

ಎಂಟನೆಯ ದಿನ ನಾಲ್ಕು ಪಕ್ಕಾಸು ಹೊಳೆಬದಿಯ ಪೊದರಿನಲ್ಲಿ ಸಿಕ್ಕಿದವು. ನೀರಿನಲ್ಲಿ ಇದ್ದ ಮರ ಚೆನ್ನಾಗಿ ಒಣಗಿತ್ತು. ಅಕ್ಕ ಅದನ್ನು ಮುಟ್ಟಿ ನೋಡಿ, "ಎಷ್ಟು ಒಳ್ಳೆಯ ಹೊಳೆ," ಎಂದಳಂತೆ. ಮತ್ತೆ ದಿನಕ್ಕಿಷ್ಟು ಸಿಗತೊಡಗಿತು. ಎರಡೂ ದಾರಂದ ಒಂದೇ ದಿನ ತೇಲಿ ಬಂದವು, ಅದೂ ಪ್ರವಾಹಕ್ಕೆ ಎದುರಾಗಿ. ಸಿಕ್ಕಿದ್ದನ್ನೆಲ್ಲ ಕಾಕ ತಮ್ಮ ದೋಣಿಯಲ್ಲಿ ಉಪ್ಪಿನಂಗಡಿಗೆ ಮುಟ್ಟಿಸಿದರು, ಎಲ್ಲಿಯೂ ನಿಲ್ಲದೆ, ಬುತ್ತಿ ಕಟ್ಟಿಕೊಂಡು. ಹತ್ತೊಂಬತ್ತನೆಯ ದಿನ ಕೊನೆಯ ಹಲಗೆ ಬಂದ ಮೇಲೆ ಅಕ್ಕ ಮಾವ ಅತ್ತೆಯರ ಕಾಲು ಹಿಡಿದು ಹೊರಟಳು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತು? ಹೆಣ್ಣುಮಗಳು ಕಂಡವರ ಜಗಲಿಯಲ್ಲಿ ಕೂತದ್ದು ಮರ್ಯಾದೆಗೇಡು, ಯಾರಾದರೂ ಹೋಗಿ ಕರೆತರಬೇಕು ಎಂದು ಅಣ್ಣ ದಿನಕ್ಕೊಮ್ಮೆ ಹೇಳುತ್ತಿದ್ದ. ಯಾರಾದರೂ ಎಂದರೆ ತಾನಲ್ಲ. ನಾನು ಹೂಂಗುಟ್ಟುತ್ತಿದ್ದೆ. ಮನೆಯಲ್ಲಿ ಕಿರಿಕಿರಿ ಇರಲಿಲ್ಲ. ಹೆಂಡತಿ ನಗುತ್ತಾ ಕಾಫಿ ಕೊಡುತ್ತಿದ್ದಳು. ಆ ನೆಮ್ಮದಿ ನನಗೆ ಹಿತವಾಗಿತ್ತು.

ಮುಂದಿನ ಬೇಸಗೆಯಲ್ಲಿ ಅಕ್ಕನ ಮನೆ ಎದ್ದಿತು. ಮನೆ ಒಕ್ಕಲಿನ ಊಟಕ್ಕೆ ಎಲ್ಲರನ್ನೂ ಕರೆದಿದ್ದಳು. ತಿರುವಿನ ಮಾವ ಬಂದು ಮಾಡಿನ ಪಕ್ಕಾಸುಗಳನ್ನು ನೋಡಿ ಒಳ್ಳೆಯ ಮರ ಎಂದರು. ಅಣ್ಣ ಉಂಡು ಕೈತೊಳೆದು, ಏನೇ ಆದರೂ ನಮ್ಮ ಯೋಜನೆ ಕೊನೆಗೆ ಗುರಿ ಮುಟ್ಟಿತು ಎಂದು ನಾಲ್ಕು ಜನರ ಮುಂದೆ ಹೇಳಿದ. ಅಕ್ಕ ಅದಕ್ಕೂ ನಕ್ಕಳು.

ಎಲ್ಲರೂ ಚದುರಿದ ಮೇಲೆ ನಾನು ಅವಳ ಹತ್ತಿರ ಹೋದೆ. ಮೆಚ್ಚುಗೆಯ ಮಾತು ಒಂದು ಹೇಳೋಣ ಎಂದುಕೊಂಡಿದ್ದೆ. "ನೀನೊಬ್ಬಳೇ ಅಷ್ಟು ದಿನ ಅಲ್ಲಿ ಹೇಗೆ ಕೂತೆ ಅಕ್ಕ? ಒಂದು ಮಾತು ಹೇಳಿ ಕಳಿಸಿದ್ರೆ ನಾನು ಬರ್ತಿದ್ದೆ," ಎಂದೆ.

ಅವಳು ವೀಳ್ಯದ ತಟ್ಟೆಯನ್ನು ಕೆಳಗಿಟ್ಟಳು. "ಹೇಳಿ ಕಳಿಸುದು ಎಂತಕ್ಕೆ ತಮ್ಮ? ದೋಣಿಯಿಂದ ಇಳಿಯುವ ಒಬ್ಬೊಬ್ಬರ ಮುಖವನ್ನೂ ನೋಡ್ತಿದ್ದೆ. ಮರಕ್ಕಾಗಿ ಅಲ್ಲ."

ಆ ಹತ್ತೊಂಬತ್ತು ದಿನಗಳಲ್ಲಿ ಹತ್ತು ದಿನ ನನ್ನ ಶಾಲೆಗೆ ದಸರಾ ರಜೆ ಇತ್ತು. ಅದು ಅಕ್ಕನಿಗೂ ಗೊತ್ತಿತ್ತು.